ವ್ಯಾಪಾರದ ಜಾಲತಾಣದಲ್ಲಿ ಕನ್ನಡ: ವೇಗ, ಸುಗಮ್ಯತೆ, ಪರಿಣಾಮ

ಪೀಠಿಕೆ

ಭಾಷೆಯ ಪ್ರಯೋಗಕ್ಷೇತ್ರಗಳನ್ನು ಕುರಿತು ಹೇಳುವಾಗ ಸಾಹಿತ್ಯ, ಶಿಕ್ಷಣ, ಆಡಳಿತ, ಪತ್ರಿಕೋದ್ಯಮ ಎಂಬ ನಾಲ್ಕನ್ನು ಸಾಮಾನ್ಯವಾಗಿ ಹೆಸರಿಸುವುದುಂಟು. ವ್ಯಾಪಾರವು ಈ ಪಟ್ಟಿಯ ಕೊನೆಯಲ್ಲಿ ಬರುತ್ತದೆ. ಎಷ್ಟೋ ವೇಳೆ ಬರುವುದೇ ಇಲ್ಲ. ಆದರೆ ಭಾಷೆಯು ನಿತ್ಯವೂ ಬಳಕೆಗೆ ಬರುವ ಎಡೆಗಳಲ್ಲಿ ಕೊಡುಕೊಳ್ಳುವಿಕೆಯ ಎಡೆ ಮುಖ್ಯವಾದುದು. ಅಂಗಡಿಯ ಫಲಕ, ಸರಕಿನ ಚೀಟಿ, ಲೆಕ್ಕದ ಪುಸ್ತಕ, ಜಾಹೀರಾತು ಇವೆಲ್ಲ ಒಂದು ಊರಿನಲ್ಲಿ ಯಾವ ಭಾಷೆ ಬಳಕೆಯಲ್ಲಿದೆ ಎಂಬುದಕ್ಕೆ ಸಾಕ್ಷಿಗಳು. ಈ ಸಾಲಿಗೆ ಈಗ ಜಾಲತಾಣವೂ ಸೇರಿದೆ.

ಕರ್ನಾಟಕದ ಒಳಗೆ ಅಂಗಡಿಯ ಫಲಕದ ಕನ್ನಡಕ್ಕೆ ಕಾನೂನಿನ ಆಸರೆಯಿದೆ. 1953 ಹಾಗೂ 1956ರ ರಾಜ್ಯ ಪುನರ್ರಚನೆಗಳ ಬಳಿಕ ಗಡಿಯ ಆಚೆಗೆ ಉಳಿದ ಕಾಸರಗೋಡು, ತಾಳವಾಡಿ, ಸೊಲ್ಲಾಪುರ, ಅಕ್ಕಲಕೋಟೆ, ಆದೋನಿ, ರಾಯದುರ್ಗ, ಮಡಕಶಿರಾ ಮೊದಲಾದ ಪ್ರದೇಶಗಳಲ್ಲಿ ಆ ಆಸರೆಯಿಲ್ಲ. ಇಲ್ಲಿ ವ್ಯಾಪಾರದಲ್ಲಿ ಕನ್ನಡ ಉಳಿಯುವುದು ವ್ಯಾಪಾರಿಯ ಇಚ್ಛೆಯಿಂದ, ಗ್ರಾಹಕನ ಅಗತ್ಯದಿಂದ. ಆದುದರಿಂದ ಗಡಿನಾಡಿನ ಒಬ್ಬ ವ್ಯಾಪಾರಿ ತನ್ನ ಜಾಲತಾಣದಲ್ಲಿ ಕನ್ನಡವನ್ನು ಬಳಸಲು ಮುಂದಾದಾಗ ಆ ಕನ್ನಡವು ಗ್ರಾಹಕನಿಗೆ ತಲುಪುತ್ತದೆಯೇ ಎಂಬ ಪ್ರಶ್ನೆ ಕೇವಲ ತಾಂತ್ರಿಕವಾದುದಲ್ಲ. ತಲುಪದಿದ್ದರೆ, ಕನ್ನಡದಿಂದ ಪ್ರಯೋಜನವಾಗಲಿಲ್ಲ ಎಂಬ ತೀರ್ಮಾನಕ್ಕೆ ವ್ಯಾಪಾರಿ ಬರುತ್ತಾನೆ. ಮುಂದಿನ ಸಲ ಪುಟದಲ್ಲಿ ಕನ್ನಡ ಇರುವುದಿಲ್ಲ.

ಉತ್ತಮ ವ್ಯಾಪಾರಿ ಜಾಲತಾಣಕ್ಕೆ ಮೂರು ಲಕ್ಷಣಗಳನ್ನು ಹೇಳಲಾಗುತ್ತದೆ. ಒಂದನೆಯದು ವೇಗ: ಪುಟ ಬೇಗನೆ ತೆರೆದುಕೊಳ್ಳಬೇಕು. ಎರಡನೆಯದು ಸುಗಮ್ಯತೆ: ದೃಷ್ಟಿ, ಶ್ರವಣ, ಚಲನೆ, ಗ್ರಹಿಕೆ ಇವುಗಳಲ್ಲಿ ಯಾವ ಬಗೆಯ ತೊಡಕಿದ್ದವರೂ ಅದನ್ನು ಬಳಸುವಂತಿರಬೇಕು. ಮೂರನೆಯದು ಪರಿಣಾಮ: ಬಂದವನು ತನಗೆ ಬೇಕಾದುದನ್ನು ತಿಳಿದುಕೊಂಡು ಮುಂದಿನ ಹೆಜ್ಜೆಯಿಡುವಂತಾಗಬೇಕು. ಈ ಮೂರೂ ಬೇರೆಬೇರೆ ಎಂದು ತೋರಿದರೂ ಕನ್ನಡದ ಮಟ್ಟಿಗೆ ಇವುಗಳ ಬೇರು ಒಂದೇ. ಪುಟದಲ್ಲಿ ಕನ್ನಡ ಕಾಣಿಸುವುದು ಬೇರೆ, ಕನ್ನಡ ಇರುವುದು ಬೇರೆ ಎಂಬ ವ್ಯತ್ಯಾಸದಲ್ಲಿ ಆ ಬೇರು ಇದೆ.

1. ಒಂದು ನಿದರ್ಶನ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಅಡಿಕೆ ಹಾಳೆಯಿಂದ ತಟ್ಟೆ ತಯಾರಿಸುವ ಒಂದು ಸಣ್ಣ ಘಟಕವಿದೆ ಎಂದು ಊಹಿಸಬಹುದು. ಮಾಲೀಕನು ಪರಿಚಯಸ್ಥರ ನೆರವಿನಿಂದ ಒಂದು ಜಾಲತಾಣ ಮಾಡಿಸಿದ್ದಾನೆ. ಮುಖಪುಟದಲ್ಲಿ ಒಂದು ದೊಡ್ಡ ವರ್ಣಚಿತ್ರ. ಘಟಕದ ಹೆಸರು, ತಟ್ಟೆಗಳ ಅಳತೆ, ದರಪಟ್ಟಿ, ದೂರವಾಣಿ ಸಂಖ್ಯೆ ಎಲ್ಲವೂ ಆ ಚಿತ್ರದೊಳಗೇ ಅಂದವಾದ ಕನ್ನಡದಲ್ಲಿ ಅಚ್ಚಾಗಿವೆ. ಮದುವೆಯ ಕರೆಯೋಲೆ ಮಾಡಿಸಿದ ಅಂಗಡಿಯಲ್ಲಿಯೇ ಈ ಚಿತ್ರವನ್ನೂ ಮಾಡಿಸಿದ್ದಾಯಿತು. ಮಾಲೀಕನ ಮೊಬೈಲಿನಲ್ಲಿ, ಮನೆಯ ವೈಫೈಯಲ್ಲಿ, ಅದು ಚೆನ್ನಾಗಿಯೇ ಕಾಣುತ್ತದೆ.

ಈ ಪುಟಕ್ಕೆ ನಾಲ್ವರು ಬರುತ್ತಾರೆ. ಮೊದಲನೆಯವರು ಪುತ್ತೂರಿನ ಕಡೆಯ ಅಡುಗೆಯ ಗುತ್ತಿಗೆದಾರರು. ಗುಡ್ಡದ ಮೇಲಿನ ಮನೆಯೊಂದರ ಅಂಗಳದಲ್ಲಿ ನಿಂತು, ಸಿಗ್ನಲ್ ಸರಿಯಾಗಿ ಸಿಗದ ಮೊಬೈಲಿನಲ್ಲಿ ಪುಟವನ್ನು ತೆರೆಯುತ್ತಾರೆ. ಎರಡನೆಯವರು ಕಣ್ಣಿನ ಪೊರೆ ಬಂದಿರುವ ಹಿರಿಯರು; ಅಕ್ಷರವನ್ನು ಹಿಗ್ಗಿಸದೆ ಓದಲಾರರು. ಮೂರನೆಯವರು ಪೂರ್ಣ ದೃಷ್ಟಿಹೀನರಾದ ಒಬ್ಬ ಅಧ್ಯಾಪಕರು. ಮೊಬೈಲು ಗಟ್ಟಿಯಾಗಿ ಓದಿ ಹೇಳಿದುದನ್ನು ಕೇಳಿ ವ್ಯವಹರಿಸುವವರು. ನಾಲ್ಕನೆಯವರು ಹಾಳೆ ತಟ್ಟೆ ಎಂದು ಹುಡುಕುಯಂತ್ರದಲ್ಲಿ ಬರೆದು ಹುಡುಕುವ ದೂರದ ಗ್ರಾಹಕರು.

ಮೊದಲನೆಯವರಿಗೆ ಚಿತ್ರ ಪೂರ್ತಿ ಇಳಿಯುವುದಿಲ್ಲ. ಎರಡನೆಯವರು ಹಿಗ್ಗಿಸಿದಾಗ ಅಕ್ಷರದ ಅಂಚುಗಳು ಮಸುಕಾಗುತ್ತವೆ, ಸಾಲು ತೆರೆಯಿಂದ ಆಚೆಗೆ ಜಾರುತ್ತದೆ. ಮೂರನೆಯವರಿಗೆ ಯಂತ್ರವು ಚಿತ್ರ ಎಂಬ ಒಂದೇ ಮಾತನ್ನು ಹೇಳಿ ಸುಮ್ಮನಾಗುತ್ತದೆ. ನಾಲ್ಕನೆಯವರಿಗೆ ಪುಟವು ಸಿಗುವ ಸಂಭವವೇ ಕಡಿಮೆ. ಹುಡುಕುಯಂತ್ರವು ಮೊದಲಿಗೆ ನೆಚ್ಚುವುದು ಪುಟದ ಪಠ್ಯವನ್ನು, ಈ ಪುಟದಲ್ಲಿ ಪಠ್ಯವೇ ಇಲ್ಲ. ನಾಲ್ವರಲ್ಲಿ ಯಾರೂ ಮಾಲೀಕನಿಗೆ ದೂರು ಹೇಳುವುದಿಲ್ಲ. ಅಂಗಡಿಯ ಮೆಟ್ಟಿಲು ಹತ್ತಿದ ಗ್ರಾಹಕ ತಿರುಗಿ ಹೋದರೆ ಅಂಗಡಿಯವನಿಗೆ ತಿಳಿಯುತ್ತದೆ. ಜಾಲತಾಣದಿಂದ ತಿರುಗಿ ಹೋದವನು ಸುದ್ದಿಯಿಲ್ಲದೆ ಹೋಗುತ್ತಾನೆ.

2. ಚಿತ್ರದ ಕನ್ನಡ, ಸಂಕೇತದ ಕನ್ನಡ

ಗಣಕಯಂತ್ರವು ಅಕ್ಷರವನ್ನು ಆಕೃತಿಯಾಗಿ ನೆನಪಿಟ್ಟುಕೊಳ್ಳುವುದಿಲ್ಲ, ಸಂಖ್ಯೆಯಾಗಿ ನೆನಪಿಟ್ಟುಕೊಳ್ಳುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಇಂತಹ ಸಂಖ್ಯೆಗಳನ್ನು ಗೊತ್ತುಪಡಿಸುವ ವ್ಯವಸ್ಥೆಯೇ ಯೂನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. 128 ಸ್ಥಾನಗಳ ಒಂದು ವಿಭಾಗವನ್ನು ಕನ್ನಡಕ್ಕಾಗಿ ಮೀಸಲಿಡಲಾಯಿತು. ಭಾರತದಲ್ಲಿ ಮೊದಲೇ ರೂಪುಗೊಂಡಿದ್ದ ಇಸ್ಕಿ ಎಂಬ ಸಂಕೇತಪದ್ಧತಿಯು ಇದಕ್ಕೆ ತಳಹದಿಯಾಯಿತು.

ಯೂನಿಕೋಡ್ ಕನ್ನಡದ ರಚನೆಯು ವ್ಯಾಕರಣದ ವರ್ಣಮಾಲೆಗೆ ಸಮೀಪವಾದುದು ಎಂಬುದು ಕನ್ನಡ ವಿದ್ಯಾರ್ಥಿಗೆ ಆಸಕ್ತಿಯ ವಿಷಯ. ಇಲ್ಲಿ ಸ್ವರಕ್ಕೂ ವ್ಯಂಜನಕ್ಕೂ ಸ್ವರಚಿಹ್ನೆಗೂ ಪ್ರತ್ಯೇಕ ಸಂಕೇತಗಳಿವೆ, ಒತ್ತಕ್ಷರಕ್ಕೆ ಪ್ರತ್ಯೇಕ ಸಂಕೇತವಿಲ್ಲ. ವ್ಯಂಜನದ ಬಳಿಕ ಹಲಂತ ಚಿಹ್ನೆ, ಅದರ ಬಳಿಕ ಮತ್ತೊಂದು ವ್ಯಂಜನ ಬಂದರೆ ಒತ್ತನ್ನು ಮೂಡಿಸುವುದು ಫಾಂಟಿನ ಕೆಲಸ. ಕ್ಷೇತ್ರ ಎಂಬ ಪದವು ಕಣ್ಣಿಗೆ ಎರಡು ಅಕ್ಷರ. ಯಂತ್ರಕ್ಕೆ ಅದು ಏಳು ಸಂಕೇತಗಳ ಸಾಲು: ಕಕಾರ, ಹಲಂತ, ಷಕಾರ, ಏತ್ವ, ತಕಾರ, ಹಲಂತ, ರಕಾರ. ಜಾಲದಲ್ಲಿ ಇಂದು ವ್ಯಾಪಕವಾಗಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟುಗಳು ಬೇಕು. ಆದುದರಿಂದ ಈ ಪದದ ತೂಕ 21 ಬೈಟು.

ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟು ಸಾಕಾಗುವುದರಿಂದ ಕನ್ನಡದ ಪುಟವು ಭಾರವಾದೀತು ಎಂಬ ಅಳುಕು ಕೆಲವರಲ್ಲಿದೆ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಮೇಲಿನ ಘಟಕದ ಎಲ್ಲ ವಿವರವನ್ನೂ 2,000 ಸಂಕೇತಗಳಲ್ಲಿ ಬರೆದರೆ ಆಗುವ ಭಾರ 6,000 ಬೈಟು, ಅಂದರೆ ಸುಮಾರು 6 ಕಿಲೋಬೈಟು. ಅದೇ ವಿವರವನ್ನು ಹೊತ್ತ ಚಿತ್ರವು 3 ಮೆಗಾಬೈಟು ಇದ್ದರೆ ಅದು 500 ಪಟ್ಟು ಭಾರ. ಸೆಕೆಂಡಿಗೆ 2 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಆ ಚಿತ್ರವು ಇಳಿಯಲು 12 ಸೆಕೆಂಡು ಬೇಕು. ಪಠ್ಯವು ಇಳಿಯಲು ಸೆಕೆಂಡಿನ ನಲ್ವತ್ತನೆಯ ಒಂದಂಶದಷ್ಟು ಕಾಲ ಸಾಕು. ಇನ್ನೊಂದು ವಿಷಯವೂ ಇದೆ. ಕನ್ನಡದ 3 ಬೈಟುಗಳಲ್ಲಿ ಮೊದಲನೆಯದು ಎಲ್ಲ ಅಕ್ಷರಗಳಿಗೂ ಒಂದೇ, ಎರಡನೆಯದಕ್ಕೆ ಎರಡೇ ರೂಪ. ಹೀಗೆ ಮತ್ತೆ ಮತ್ತೆ ಬರುವ ಅಂಶಗಳನ್ನು ಸಂಕ್ಷೇಪಿಸಿ ಕಳುಹಿಸುವ ವಿಧಾನಗಳು ಸರ್ವರುಗಳಲ್ಲಿ ಇರುವುದರಿಂದ ಕನ್ನಡ ಪಠ್ಯದ ಭಾರ ಇನ್ನೂ ಇಳಿಯುತ್ತದೆ.

ಚಿತ್ರದ ಕನ್ನಡದಂತೆಯೇ ತೊಡಕಿನ ಇನ್ನೊಂದು ಬಗೆಯಿದೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡವನ್ನು ಹಳೆಯ ಬಗೆಯ ಫಾಂಟುಗಳಲ್ಲಿ ಬರೆಯಲಾಗುತ್ತಿತ್ತು. ಅವುಗಳಲ್ಲಿ ಒಳಗಿನ ಸಂಕೇತ ರೋಮನ್ ಅಕ್ಷರದ್ದು, ಮೇಲಿನ ವೇಷ ಮಾತ್ರ ಕನ್ನಡದ್ದು. ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಬರಹವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತದೆ. ಮುದ್ರಣಾಲಯಗಳಲ್ಲಿ ಇಂತಹ ಕಡತಗಳು ಇಂದಿಗೂ ಉಳಿದಿವೆ. ಅಲ್ಲಿಂದ ತಂದ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿ, ಪರಿವರ್ತನೆಯ ದೋಷಗಳನ್ನು ತಿದ್ದಿದ ಮೇಲೆಯೇ ಪುಟಕ್ಕೆ ಏರಿಸಬೇಕು.

ಬೆರಳಚ್ಚಿನ ದೋಷವೂ ಇದೇ ವರ್ಗಕ್ಕೆ ಸೇರುತ್ತದೆ. ಅನುಸ್ವಾರದ ಸೊನ್ನೆಯೂ ಕನ್ನಡದ ಅಂಕಿಯಾದ ಸೊನ್ನೆಯೂ ನೋಟಕ್ಕೆ ಒಂದೇ, ಸಂಕೇತದಲ್ಲಿ ಬೇರೆ. ಅಂಗಡಿ ಎಂಬಲ್ಲಿ ಅನುಸ್ವಾರದ ಬದಲು ಅಂಕಿಯನ್ನು ಒತ್ತಿದರೆ ಓದುಗನಿಗೆ ತಪ್ಪು ಕಾಣುವುದಿಲ್ಲ. ಹುಡುಕುವವನಿಗೆ ಆ ಪದ ಸಿಗದೆ ಹೋಗಬಹುದು, ಕೇಳುವವನಿಗೆ ಅದು ಬೇರೆಯಾಗಿ ಕೇಳಿಸಬಹುದು. ಹಿಂದೆ ಕರಡು ತಿದ್ದುವವನ ಕಣ್ಣಿಗೆ ಬೇಕಾಗಿರದ ಈ ಎಚ್ಚರ ಈಗಿನ ಕರಡು ತಿದ್ದುವವನಿಗೆ ಬೇಕು.

3. ವೇಗ

ಗ್ರಾಹಕನು ವಿಳಾಸವನ್ನು ಒತ್ತಿದ ಮೇಲೆ ಅವನ ಬ್ರೌಸರು ದೂರದ ಸರ್ವರಿಗೆ ಕೋರಿಕೆ ಕಳುಹಿಸುತ್ತದೆ. ಅಲ್ಲಿಂದ ಪುಟದ ರಚನೆಯೂ ಪಠ್ಯವೂ ಬರುತ್ತವೆ. ಬಳಿಕ ಪುಟದ ಅಲಂಕಾರದ ಸೂತ್ರಗಳು, ಫಾಂಟುಗಳು, ಚಿತ್ರಗಳು, ಚಲನೆಯನ್ನು ನಿಯಂತ್ರಿಸುವ ಜಾವಾಸ್ಕ್ರಿಪ್ಟ್ ಕಡತಗಳು ಬರುತ್ತವೆ. ಇವುಗಳಲ್ಲಿ ಯಾವುದು ತಡವಾದರೂ ನೋಡುವವನಿಗೆ ಪುಟವೇ ತಡವಾದಂತೆ.

ಈ ಅನುಭವವನ್ನು ಅಳೆಯಲು ಗೂಗಲ್ ಸಂಸ್ಥೆಯು 2020ರಲ್ಲಿ ಮೂರು ಮಾನಗಳ ಒಂದು ವ್ಯವಸ್ಥೆಯನ್ನು ಮುಂದಿಟ್ಟಿತು. ಪುಟದ ಅತಿ ದೊಡ್ಡ ಅಂಶವು ತೆರೆಯ ಮೇಲೆ ಮೂಡಲು ಹಿಡಿಯುವ ಕಾಲ 2.5 ಸೆಕೆಂಡಿನೊಳಗಿರಬೇಕು ಎಂಬುದು ಒಂದು. ಗುಂಡಿಯನ್ನು ಒತ್ತಿದಾಗ ಪುಟವು 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯಿಸಬೇಕು ಎಂಬುದು ಎರಡನೆಯದು. ಈಗಿರುವ ರೂಪದಲ್ಲಿ ಇದು 2024ರ ಮಾರ್ಚಿನಲ್ಲಿ ಜಾರಿಗೆ ಬಂದಿತು. ಓದುತ್ತಿರುವಾಗ ಸಾಲುಗಳು ಹಠಾತ್ತನೆ ಜರುಗಬಾರದು, ಜರುಗಿದರೂ ಆ ಪ್ರಮಾಣ 0.1ಕ್ಕಿಂತ ಹೆಚ್ಚಬಾರದು ಎಂಬುದು ಮೂರನೆಯದು. ಈ ಅಳತೆಗಳನ್ನು ಮಾಲೀಕನ ಮೊಬೈಲಿನಿಂದ ನಿರ್ಣಯಿಸುವಂತಿಲ್ಲ. ಭೇಟಿಗಳಲ್ಲಿ ನೂರಕ್ಕೆ 75ರಷ್ಟಾದರೂ ಈ ಮಿತಿಯೊಳಗೆ ಇರಬೇಕೆಂಬುದು ನಿಯಮ.

ಸಣ್ಣ ವ್ಯಾಪಾರಿಯ ಪುಟ ನಿಧಾನವಾಗುವುದಕ್ಕೆ ಮುಖ್ಯ ಕಾರಣ ಚಿತ್ರಗಳು. ಮೊಬೈಲಿನಲ್ಲಿ ತೆಗೆದ ಛಾಯಾಚಿತ್ರವನ್ನು ಇದ್ದಂತೆಯೇ ಏರಿಸುವ ರೂಢಿಯಿದೆ. ಅದನ್ನು ಬೇಕಾದಷ್ಟೇ ಅಗಲಕ್ಕೆ ಕುಗ್ಗಿಸಿ, ವೆಬ್‌ಪಿಯಂತಹ ಹಗುರ ಸ್ವರೂಪದಲ್ಲಿ ಉಳಿಸಿ, 150 ಕಿಲೋಬೈಟಿಗೆ ಇಳಿಸಿದರೆ ಮೇಲೆ ಹೇಳಿದ ಸಂಪರ್ಕದಲ್ಲಿಯೇ ಅದು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಬರುತ್ತದೆ. ಚಿತ್ರದ ಅಗಲ ಎತ್ತರಗಳನ್ನು ಪುಟದ ಬರಹದಲ್ಲಿ ಮೊದಲೇ ನಮೂದಿಸಿದರೆ ಬ್ರೌಸರು ಅಷ್ಟು ಜಾಗವನ್ನು ಕಾದಿರಿಸುತ್ತದೆ. ಚಿತ್ರ ಬಂದಾಗ ಸಾಲುಗಳು ಜರುಗುವುದಿಲ್ಲ. ಪುಟದ ಕೆಳಭಾಗದ ಚಿತ್ರಗಳನ್ನು ಓದುಗನು ಅಲ್ಲಿಗೆ ಬಂದಾಗ ಮಾತ್ರ ತರಿಸುವ ವ್ಯವಸ್ಥೆಯೂ ಇದೆ. ತಾನಾಗಿಯೇ ತಿರುಗುವ ಚಿತ್ರಮಾಲೆ, ಹಿನ್ನೆಲೆಯ ಚಲನಚಿತ್ರ, ಒಳಬರುತ್ತಲೇ ಎದುರಿಗೆ ಎದ್ದು ನಿಲ್ಲುವ ಪೆಟ್ಟಿಗೆ ಇವು ಭಾರವನ್ನು ಹೆಚ್ಚಿಸುತ್ತವೆಯೇ ಹೊರತು ತಟ್ಟೆಯ ದರವನ್ನು ತಿಳಿಸುವುದಿಲ್ಲ.

ಎರಡನೆಯ ಕಾರಣ ಫಾಂಟು. ಕನ್ನಡ ಫಾಂಟಿನಲ್ಲಿ ಮೂಲಾಕ್ಷರಗಳಷ್ಟೇ ಅಲ್ಲದೆ ಗುಣಿತಾಕ್ಷರ, ಒತ್ತಕ್ಷರಗಳ ನೂರಾರು ಆಕೃತಿಗಳೂ ಅವುಗಳನ್ನು ಜೋಡಿಸುವ ನಿಯಮಗಳೂ ಇರುತ್ತವೆ. ಆದುದರಿಂದ ಒಂದು ಫಾಂಟು 100 ಕಿಲೋಬೈಟನ್ನು ಮೀರುವುದುಂಟು. ಒಂದೇ ಪುಟಕ್ಕೆ ನಾಲ್ಕು ಫಾಂಟುಗಳನ್ನು ತರಿಸುವುದು ದುಂದುವೆಚ್ಚವೇ ಸರಿ. ಇಂದಿನ ಮೊಬೈಲುಗಳಲ್ಲಿ ಕನ್ನಡ ಫಾಂಟು ಮೊದಲೇ ಇರುವುದರಿಂದ ಒಡಲಿನ ಪಠ್ಯಕ್ಕೆ ಅದನ್ನೇ ಬಳಸಬಹುದು. ಅದಕ್ಕೆ ಯಾವ ಕಾಯುವಿಕೆಯೂ ಇಲ್ಲ. ಶೀರ್ಷಿಕೆಗೆ ಬೇರೆ ಫಾಂಟು ಬೇಕಾದರೆ ಒಂದನ್ನು ಮಾತ್ರ, ವಾಫ್-2 ಎಂಬ ಸಂಕ್ಷೇಪಿತ ಸ್ವರೂಪದಲ್ಲಿ ತರಿಸಿ, ಅದು ಬರುವ ತನಕ ಮೊಬೈಲಿನ ಫಾಂಟಿನಲ್ಲಿಯೇ ಪಠ್ಯ ಕಾಣುವಂತೆ ಏರ್ಪಡಿಸಬೇಕು. ಗಾತ್ರವನ್ನು ಇಳಿಸಲೆಂದು ಫಾಂಟಿನ ಕೆಲವು ಆಕೃತಿಗಳನ್ನು ಕತ್ತರಿಸುವವರು ಒತ್ತಕ್ಷರಗಳನ್ನು ಕೈಬಿಡದಂತೆ ಎಚ್ಚರವಹಿಸಬೇಕು. ಹಾಗೆ ಕೈಬಿಟ್ಟಲ್ಲಿ ಒತ್ತುಗಳು ಒಡೆದು ಬಿಡಿ ವ್ಯಂಜನಗಳಾಗಿ ಕಾಣುತ್ತವೆ.

4. ಸುಗಮ್ಯತೆ

ವಿಶ್ವವ್ಯಾಪಿ ಜಾಲವನ್ನು ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಸ್ವಿಜರ್ಲೆಂಡಿನ ಸರ್ನ್ ಸಂಶೋಧನಾಲಯದಲ್ಲಿ ಪ್ರಸ್ತಾಪಿಸಿದರು. ಅವರೇ ಸ್ಥಾಪಿಸಿದ ಜಾಲಮಾನಕಗಳ ಒಕ್ಕೂಟವು 1999ರಲ್ಲಿ ಸುಗಮ್ಯತೆಯ ಮೊದಲ ಮಾರ್ಗಸೂಚಿಯನ್ನು ಪ್ರಕಟಿಸಿತು. 2008, 2018 ಹಾಗೂ 2023ರಲ್ಲಿ ಅದರ ಮುಂದಿನ ಆವೃತ್ತಿಗಳು ಬಂದವು. 2008ರಿಂದ ಅದರ ಅಡಿಪಾಯವಾಗಿರುವ ತತ್ತ್ವಗಳು ನಾಲ್ಕು: ಪುಟದಲ್ಲಿರುವುದು ಯಾವುದಾದರೊಂದು ಇಂದ್ರಿಯಕ್ಕೆ ಗ್ರಾಹ್ಯವಾಗಬೇಕು, ಬಳಸಲು ಬರಬೇಕು, ಅರ್ಥವಾಗಬೇಕು, ಬೇರೆಬೇರೆ ಉಪಕರಣಗಳಲ್ಲಿ ಕೆಡದೆ ನಿಲ್ಲಬೇಕು.

2011ರ ಜನಗಣತಿಯಂತೆ ಭಾರತದಲ್ಲಿ 2.68 ಕೋಟಿ ಜನ ಅಂಗವಿಕಲರಿದ್ದಾರೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಸುಗಮ್ಯತೆಯ ಹೊಣೆಯನ್ನು ಸರಕಾರಿ ಸೇವೆಗಳಿಗಷ್ಟೇ ಸೀಮಿತಗೊಳಿಸದೆ ಖಾಸಗಿ ಸೇವಾದಾತರ ಮೇಲೂ ಇರಿಸಿದೆ. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ಸಾರಿತು. ಕಣ್ಣು ಮಿಟುಕಿಸಿ ಗುರುತನ್ನು ದೃಢಪಡಿಸಬೇಕೆಂಬ ಬ್ಯಾಂಕ್ ವ್ಯವಹಾರದ ಕ್ರಮವನ್ನು ಪಾಲಿಸಲಾಗದ ಆ್ಯಸಿಡ್ ದಾಳಿಯ ಸಂತ್ರಸ್ತರು ಹಾಗೂ ದೃಷ್ಟಿಹೀನರ ಅರ್ಜಿಗಳ ಮೇಲೆ ಬಂದ ತೀರ್ಪು ಅದು.

ಕನ್ನಡದ ಪುಟದಲ್ಲಿ ಗಮನಿಸಬೇಕಾದ ಮುಖ್ಯ ಅಂಶಗಳು ಹೀಗಿವೆ.

ಭಾಷೆಯ ಸೂಚನೆ. ಪ್ರತಿ ಪುಟದ ಒಳಬರಹದ ಆರಂಭದಲ್ಲಿ ಅದರ ಭಾಷೆಯನ್ನು ಎರಡು ಅಥವಾ ಮೂರು ರೋಮನ್ ಅಕ್ಷರಗಳ ಸಂಕೇತದಿಂದ ಸೂಚಿಸಬೇಕು. ಕನ್ನಡಕ್ಕೆ ಕೆ-ಎನ್, ಮಲಯಾಳಕ್ಕೆ ಎಂ-ಎಲ್, ಮರಾಠಿಗೆ ಎಂ-ಆರ್, ತುಳುವಿಗೆ ಟಿ-ಸಿ-ವೈ. ಇಂಗ್ಲಿಷಿನ ಸಂಕೇತವನ್ನು ಹಾಗೆಯೇ ಬಿಟ್ಟ ಕನ್ನಡದ ಪುಟಗಳು ಬಹಳ. ಅಂತಹ ಪುಟದಲ್ಲಿ ಪರದೆಯನ್ನು ಓದಿ ಹೇಳುವ ತಂತ್ರಾಂಶವು ಇಂಗ್ಲಿಷ್ ಧ್ವನಿಯಿಂದ ಕನ್ನಡವನ್ನು ಓದಲು ಹೊರಟು ತಡವರಿಸಬಹುದು, ಇಲ್ಲವೆ ಮೌನವಾಗಿ ದಾಟಬಹುದು. ಉಚಿತವಾಗಿ ದೊರೆಯುವ ಎನ್‌ವಿಡಿಎ ತಂತ್ರಾಂಶದಲ್ಲಿಯೂ ಆ್ಯಂಡ್ರಾಯ್ಡ್ ಮೊಬೈಲಿನ ಟಾಕ್‌ಬ್ಯಾಕಿನಲ್ಲಿಯೂ ಕನ್ನಡದ ಧ್ವನಿಯನ್ನು ಬಳಸಲು ಅವಕಾಶವಿದೆ. ಪುಟವು ತಾನು ಕನ್ನಡದ್ದೆಂದು ಹೇಳಿಕೊಂಡರೆ ಸಾಕು.

ಪರ್ಯಾಯ ಪಠ್ಯ. ಚಿತ್ರವನ್ನು ಕಾಣಲಾಗದವರಿಗೆ ಅದರ ಅರ್ಥವನ್ನು ತಿಳಿಸುವ ಬರಹವಿದು. ಚಿತ್ರ ಒಂದು, ಚಿತ್ರ ಎರಡು ಎಂದು ಬರೆದರೆ ಏನೂ ತಿಳಿಯದು. ಹತ್ತು ಇಂಚು ಅಗಲದ ದುಂಡು ಹಾಳೆ ತಟ್ಟೆ, ಅಂಚು ಒಂದು ಇಂಚು ಎತ್ತರ ಎಂದು ಬರೆದರೆ ಕೊಳ್ಳುವವನಿಗೆ ಬೇಕಾದುದು ದೊರೆಯಿತು. ಕೇವಲ ಅಲಂಕಾರಕ್ಕಿರುವ ಬಳ್ಳಿಯ ಚಿತ್ತಾರಕ್ಕೆ ಪರ್ಯಾಯ ಪಠ್ಯವನ್ನು ಖಾಲಿ ಬಿಡಬೇಕು. ಇಲ್ಲವಾದರೆ ಕೇಳುವವನ ಸಮಯ ವ್ಯರ್ಥ.

ಬಣ್ಣ ಮತ್ತು ಸಾಲು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಣ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಇರಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಬಿಳಿಯ ಮೇಲಿನ ತೆಳುಬೂದಿ, ಹಳದಿ ಅಕ್ಷರಗಳು ಈ ಪರೀಕ್ಷೆಯಲ್ಲಿ ಸೋಲುತ್ತವೆ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೂ ಗುಡಿಸು ಮುಂತಾದ ಚಿಹ್ನೆಗಳು ಮೇಲಕ್ಕೂ ಚಾಚುವುದರಿಂದ ರೋಮನ್ ಲಿಪಿಗೆ ಹೊಂದಿಸಿದ ಸಾಲಂತರ ಸಾಲುವುದಿಲ್ಲ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರಗಳ ನಡುವೆ ಕೃತಕ ಅಂತರವಿಡುವುದು, ಅಕ್ಷರಗಳನ್ನು ಓರೆಯಾಗಿಸುವುದು ಕನ್ನಡಕ್ಕೆ ಒಗ್ಗದ ಅಲಂಕಾರಗಳು.

ಕೊಂಡಿ ಮತ್ತು ನಮೂನೆ. ಇಲ್ಲಿ ಒತ್ತಿ ಎಂಬ ಕೊಂಡಿಯನ್ನು ಮಾತ್ರ ಕೇಳಿದವನಿಗೆ ಎಲ್ಲಿಗೆ ಹೋಗುವುದೆಂದು ತಿಳಿಯದು. ದರಪಟ್ಟಿಯನ್ನು ನೋಡಿ ಎಂದರೆ ತಿಳಿಯುತ್ತದೆ. ಒತ್ತುವ ಗುಂಡಿಯ ಅಳತೆ ಕನಿಷ್ಠ 24 ಪಿಕ್ಸೆಲ್ ಚೌಕವಾದರೂ ಇರಬೇಕೆಂಬುದು 2023ರ ಆವೃತ್ತಿಯ ಸಾಮಾನ್ಯ ನಿಯಮ. ಹೆಸರನ್ನು ತುಂಬುವ ಜಾಗವು ಕನ್ನಡ ಲಿಪಿಯನ್ನು ಒಪ್ಪಿಕೊಳ್ಳಬೇಕು. ಮನೆಯ ಸಂಖ್ಯೆ, ಬೀದಿಯ ಹೆಸರುಗಳನ್ನು ಕಡ್ಡಾಯವಾಗಿ ಕೇಳುವ ನಮೂನೆಯು ಮನೆಯ ಹೆಸರು ಹಾಗೂ ಅಂಚೆಯ ಹೆಸರಿನಿಂದಲೇ ವಿಳಾಸ ಹೇಳುವ ಕಾಸರಗೋಡಿನ ಹಳ್ಳಿಗನನ್ನು ಹೊರಗೆ ನಿಲ್ಲಿಸುತ್ತದೆ.

5. ಸ್ಥಳವನ್ನು ನೋಡಿ ಭಾಷೆಯನ್ನು ನಿರ್ಧರಿಸುವ ದೋಷ

ಗಡಿನಾಡಿಗೆ ವಿಶೇಷವಾಗಿ ಸಂಬಂಧಿಸಿದ ಸಮಸ್ಯೆಯೊಂದಿದೆ. ಕೆಲವು ಜಾಲತಾಣಗಳು ಗ್ರಾಹಕನು ಯಾವ ರಾಜ್ಯದಲ್ಲಿದ್ದಾನೆಂದು ಊಹಿಸಿ ಆ ರಾಜ್ಯದ ಭಾಷೆಯನ್ನು ತಾವಾಗಿಯೇ ಮುಂದಿಡುತ್ತವೆ. ಇದರಂತೆ ಕುಂಬಳೆಯ ಕನ್ನಡಿಗನಿಗೆ ಮಲಯಾಳದ ಪುಟ, ಅಕ್ಕಲಕೋಟೆಯವನಿಗೆ ಮರಾಠಿಯ ಪುಟ, ತಾಳವಾಡಿಯವನಿಗೆ ತಮಿಳಿನ ಪುಟ, ಆದೋನಿಯವನಿಗೆ ತೆಲುಗಿನ ಪುಟ ಎದುರಾಗುತ್ತದೆ. ರಾಜ್ಯದ ಗಡಿಯೂ ಭಾಷೆಯ ಗಡಿಯೂ ಒಂದೇ ಎಂಬ ತಪ್ಪು ಊಹೆ ಇದರ ಹಿಂದಿದೆ. ಭಾಷೆಯ ಭೂಪಟವನ್ನು ಅಭ್ಯಾಸ ಮಾಡಿದವನಿಗೆ ಈ ತಪ್ಪು ಒಡನೆಯೇ ತಿಳಿಯುತ್ತದೆ. ತಾಂತ್ರಿಕ ತಜ್ಞನಿಗೆ ತಿಳಿಯದೆ ಹೋಗಬಹುದು.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಬಳಕೆದಾರನು ತನ್ನ ಮೊಬೈಲಿನಲ್ಲಿ ಆರಿಸಿಕೊಂಡ ಭಾಷೆಯನ್ನು ಬ್ರೌಸರು ಪ್ರತಿ ಕೋರಿಕೆಯ ಜೊತೆಗೂ ಸರ್ವರಿಗೆ ತಿಳಿಸುತ್ತದೆ, ಅದನ್ನು ಗೌರವಿಸಬೇಕು. ಪುಟದ ಮೇಲ್ಭಾಗದಲ್ಲಿ ಪ್ರತಿ ಭಾಷೆಯ ಹೆಸರನ್ನೂ ಅದರದೇ ಲಿಪಿಯಲ್ಲಿ ಬರೆದು ಆಯ್ಕೆಗೆ ಇಡಬೇಕು. ಒಮ್ಮೆ ಆರಿಸಿದ ಭಾಷೆಯನ್ನು ಪುಟವು ನೆನಪಿಟ್ಟುಕೊಳ್ಳಬೇಕು. ಪ್ರತಿ ಭಾಷೆಯ ಪುಟಕ್ಕೂ ಪ್ರತ್ಯೇಕ ವಿಳಾಸವಿದ್ದರೆ ಹುಡುಕುಯಂತ್ರವು ಕನ್ನಡದಲ್ಲಿ ಹುಡುಕಿದವನಿಗೆ ಕನ್ನಡದ ಪುಟವನ್ನೇ ತೋರಿಸಬಲ್ಲುದು. ಇಂಗ್ಲಿಷ್ ಪುಟದಲ್ಲಿ ದರಪಟ್ಟಿಯನ್ನೂ ಕನ್ನಡದ ಪುಟದಲ್ಲಿ ಸ್ವಾಗತದ ನುಡಿಯನ್ನಷ್ಟೇ ಇಡುವುದು ಸರಿಯಾದ ಕ್ರಮವಲ್ಲ. ಬೆಲೆ, ಅಳತೆ, ನಿಯಮಗಳು ಎಲ್ಲ ಭಾಷೆಗಳಲ್ಲಿಯೂ ಸಮನಾಗಿರಬೇಕು.

6. ಪರಿಣಾಮ

ಪುಟವು ಬೇಗ ತೆರೆದು ಎಲ್ಲರಿಗೂ ತಲುಪಿದ ಮೇಲೆ ಉಳಿಯುವುದು ಬರಹದ ಗುಣ. ಗ್ರಾಹಕನ ಪ್ರಶ್ನೆಗಳು ಕೆಲವೇ: ಏನು ಸಿಗುತ್ತದೆ, ಬೆಲೆ ಎಷ್ಟು, ಕನಿಷ್ಠ ಎಷ್ಟು ಕೊಳ್ಳಬೇಕು, ಎಷ್ಟು ದಿನದಲ್ಲಿ ಬರುತ್ತದೆ, ಒಡೆದು ಬಂದರೆ ಏನು ಮಾಡುವುದು, ಯಾರಿಗೆ ಕರೆ ಮಾಡುವುದು. ಇವುಗಳಿಗೆ ಉತ್ತರವು ಮೊದಲ ತೆರೆಯಲ್ಲಿ ಅಥವಾ ಅದರ ಸಮೀಪದಲ್ಲಿ ಇರಬೇಕು. ದೂರವಾಣಿ ಸಂಖ್ಯೆಯನ್ನು ಒತ್ತಿದೊಡನೆ ಕರೆ ಹೋಗುವಂತಿರಬೇಕು. ಗುಣಮಟ್ಟಕ್ಕೆ ಮತ್ತೊಂದು ಹೆಸರು, ಗ್ರಾಹಕರ ತೃಪ್ತಿಯೇ ಗುರಿ ಎಂಬಂತಹ ವಾಕ್ಯಗಳು ಯಾವ ಅಂಗಡಿಗೂ ಹೊಂದುವಂಥವು. ಆದುದರಿಂದ ಯಾವ ಅಂಗಡಿಯನ್ನೂ ಗುರುತಿಸಿ ಹೇಳಲಾರವು. ಬಿಸಿ ಸಾರನ್ನು ಬಡಿಸಿದರೂ ತಟ್ಟೆ ಎಷ್ಟು ಹೊತ್ತು ಮೆತ್ತಗಾಗದು ಎಂಬ ಪರೀಕ್ಷಿಸಿದ ಒಂದು ಮಾತು ಅಂತಹ ಹತ್ತು ವಾಕ್ಯಗಳಿಗಿಂತ ಮೇಲು.

ಪದಗಳ ಆಯ್ಕೆಯಲ್ಲಿ ಭಾಷಾಶಾಸ್ತ್ರದ ತಿಳಿವಳಿಕೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾದುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಪಾಲು ಹಾಲಾಯಿತು, ಪೂವು ಹೂವಾಯಿತು, ಪಾಳೆ ಹಾಳೆಯಾಯಿತು. ತುಳುವಿನಲ್ಲಿ ಇಂದಿಗೂ ಪಾಳೆ, ಮಲಯಾಳದಲ್ಲಿ ಪಾಳ. ಕಾಸರಗೋಡಿನ ಗ್ರಾಹಕರಲ್ಲಿ ಕೆಲವರು ಹಾಳೆ ತಟ್ಟೆ ಎಂದೂ ಕೆಲವರು ಪಾಳೆ ತಟ್ಟೆ ಎಂದೂ ಹುಡುಕುವ ಸಂಭವವಿದೆ. ಬೆಂಗಳೂರಿನ ಓದುಗನಿಗೆ ಹಾಳೆ ಎಂದರೆ ಮೊದಲು ಕಾಗದವೇ ನೆನಪಾದೀತು. ಅವನಿಗಾಗಿ ಅಡಿಕೆ ಹಾಳೆ ಎಂದು ಸ್ಪಷ್ಟಪಡಿಸಬೇಕು. ಈ ರೂಪಗಳನ್ನು ಸಹಜವಾದ ವಾಕ್ಯಗಳಲ್ಲಿ ಒಮ್ಮೊಮ್ಮೆಯಾದರೂ ಬಳಸಿದರೆ ಪುಟವು ಮೂರೂ ಬಗೆಯ ಗ್ರಾಹಕರಿಗೆ ಸಿಗುತ್ತದೆ. ಅದೇ ಪದವನ್ನು ಸಾಲುಸಾಲಾಗಿ ತುಂಬಿದರೆ ಓದುಗನಿಗೂ ಬೇಸರ, ಹುಡುಕುಯಂತ್ರವೂ ಅದನ್ನು ದೋಷವೆಂದೇ ಎಣಿಸುತ್ತದೆ.

ವಿಭಕ್ತಿಯ ವಿಷಯವೂ ಹೀಗೆಯೇ. ತಟ್ಟೆ, ತಟ್ಟೆಯನ್ನು, ತಟ್ಟೆಗಳಿಗೆ, ತಟ್ಟೆಯಲ್ಲಿ ಎಂದು ಕನ್ನಡದ ನಾಮಪದವು ಹಲವು ರೂಪ ತಾಳುತ್ತದೆ. ಶೀರ್ಷಿಕೆಯಲ್ಲಿಯೂ ಸರಕಿನ ಹೆಸರಿನಲ್ಲಿಯೂ ಪ್ರತ್ಯಯವಿಲ್ಲದ ಪ್ರಕೃತಿರೂಪವನ್ನು ಇಟ್ಟರೆ ಹುಡುಕಾಟ ಸುಲಭ. ವಾಕ್ಯಗಳು ಚಿಕ್ಕವಾಗಿದ್ದರೆ ಕಣ್ಣಿನಿಂದ ಓದುವವನಿಗೂ ಕಿವಿಯಿಂದ ಓದುವವನಿಗೂ ಅನುಕೂಲ. ಆರ್ಡರ್, ಸ್ಟಾಕ್, ಡೆಲಿವರಿ ಮುಂತಾಗಿ ಜನ ಆಡುವ ಪದಗಳನ್ನು ಬಿಟ್ಟು ಯಾರೂ ಆಡದ ಪಾರಿಭಾಷಿಕ ಪದಗಳನ್ನು ತಂದಿಡುವುದರಿಂದ ಕನ್ನಡ ಶುದ್ಧವಾಗುವುದಕ್ಕಿಂತ ಗ್ರಾಹಕನು ಗೊಂದಲಗೊಳ್ಳುವುದೇ ಹೆಚ್ಚು. ಮಾತಿನ ಗೌರವವು ಬಹುವಚನದ ಕ್ರಿಯಾಪದದಲ್ಲಿದೆ: ತಿಳಿಸಿ, ಕರೆ ಮಾಡಿ, ಭೇಟಿ ನೀಡಿ ಎಂಬುವು ಸಾಕು.

7. ಪರೀಕ್ಷೆಯ ಕ್ರಮ

ಒಂದು ಪುಟದಲ್ಲಿ ಕನ್ನಡವಿದೆಯೇ, ಕನ್ನಡದ ತೋರಿಕೆಯಿದೆಯೇ ಎಂದು ತಿಳಿಯಲು ವಿಶೇಷ ಉಪಕರಣ ಬೇಕಿಲ್ಲ. ಪುಟದ ಒಂದು ಪದವನ್ನು ಬೆರಳಿನಿಂದ ಒತ್ತಿ ಹಿಡಿದು ನಕಲು ಮಾಡಿ ಬೇರೆಡೆ ಅಂಟಿಸಿದಾಗ ಅದೇ ಕನ್ನಡ ಪದ ಬಂದರೆ ಅದು ಸಂಕೇತದ ಕನ್ನಡ; ಪದವು ಆಯ್ಕೆಗೆ ಸಿಗದಿದ್ದರೆ ಅದು ಬಹುಮಟ್ಟಿಗೆ ಚಿತ್ರ; ರೋಮನ್ ಅಕ್ಷರಗಳು ಬಂದರೆ ಹಳೆಯ ಫಾಂಟು. ಅನಂತರ ಟಾಕ್‌ಬ್ಯಾಕನ್ನು ಚಾಲನೆಗೊಳಿಸಿ, ಕಣ್ಣು ಮುಚ್ಚಿ, ದರಪಟ್ಟಿಯನ್ನು ತಲುಪಲು ಯತ್ನಿಸಬೇಕು. ಅಕ್ಷರವನ್ನು ಎರಡು ಪಟ್ಟು ಹಿಗ್ಗಿಸಿ ಸಾಲುಗಳು ತೆರೆಯೊಳಗೆ ಉಳಿಯುತ್ತವೆಯೇ ನೋಡಬೇಕು. ಬಿಸಿಲಿನಲ್ಲಿ ನಿಂತು ಓದಬೇಕು. ಸಿಗ್ನಲ್ ಕಡಿಮೆ ಇರುವ ಸ್ಥಳದಲ್ಲಿ ತೆರೆದು ಸೆಕೆಂಡುಗಳನ್ನು ಎಣಿಸಬೇಕು. ಕೊನೆಯದಾಗಿ, ಘಟಕದ ಪರಿಚಯವಿಲ್ಲದ ಒಬ್ಬರ ಕೈಗೆ ಮೊಬೈಲನ್ನು ಕೊಟ್ಟು ನೂರು ತಟ್ಟೆಗೆ ಬೆಲೆ ಎಷ್ಟೆಂದು ಕೇಳಬೇಕು. ಉತ್ತರ ಹೇಳಲು ಅವರು ತಡಕಾಡಿದರೆ ತಪ್ಪು ಪುಟದ್ದು, ಅವರದಲ್ಲ.

ಉಪಸಂಹಾರ

ಮೇಲೆ ಹೇಳಿದ ಕೆಲಸಗಳಲ್ಲಿ ಅರ್ಧದಷ್ಟು ತಂತ್ರಜ್ಞನದು, ಉಳಿದರ್ಧ ಭಾಷೆಯನ್ನು ಬಲ್ಲವನದು. ಪರ್ಯಾಯ ಪಠ್ಯವನ್ನು ಬರೆಯುವುದು, ಹಳೆಯ ಕಡತವನ್ನು ತಿದ್ದುವುದು, ಅನುಸ್ವಾರದ ತಪ್ಪನ್ನು ಹಿಡಿಯುವುದು, ಊರಿನ ಪದವನ್ನೂ ಗ್ರಂಥದ ಪದವನ್ನೂ ತೂಗಿ ನೋಡುವುದು, ಎರಡು ಭಾಷೆಗಳ ದರಪಟ್ಟಿ ಸಮನಾಗಿದೆಯೇ ಎಂದು ಪರಿಶೀಲಿಸುವುದು ಕನ್ನಡ ವಿದ್ಯಾರ್ಥಿಯ ಕೆಲಸ. ಗಡಿನಾಡಿನ ವಿದ್ಯಾರ್ಥಿಗೆ ಎರಡು ಮೂರು ಭಾಷೆಗಳ ಒಡನಾಟ ಸಹಜವಾಗಿಯೇ ಇರುವುದರಿಂದ ಅವನ ಅರ್ಹತೆ ಇನ್ನೂ ಹೆಚ್ಚು.

ನಿದರ್ಶನದ ಹಾಳೆ ತಟ್ಟೆಯ ಪುಟವನ್ನು ಮತ್ತೆ ನೆನೆದರೆ, ಅದನ್ನು ಸರಿಪಡಿಸಲು ದೊಡ್ಡ ವೆಚ್ಚವೇನೂ ಬೇಕಾಗಿಲ್ಲ. ಚಿತ್ರದೊಳಗಿನ ಮಾತುಗಳನ್ನು ಹೊರತೆಗೆದು ಅಕ್ಷರವಾಗಿ ಬರೆದು, ತಟ್ಟೆಯ ಚಿತ್ರವನ್ನು ಹಗುರಾಗಿಸಿ, ಭಾಷೆಯ ಸೂಚನೆಯನ್ನು ಸರಿಪಡಿಸಿದರೆ ಪುತ್ತೂರಿನ ಗುತ್ತಿಗೆದಾರರಿಗೂ ಹಿರಿಯರಿಗೂ ಅಧ್ಯಾಪಕರಿಗೂ ದೂರದ ಗ್ರಾಹಕರಿಗೂ ಒಂದೇ ಪುಟ ಸಾಕು. ಆಗ ಮಾಲೀಕನಿಗೆ ಬರುವ ಕರೆ ಕನ್ನಡದಲ್ಲಿಯೇ ಬರುತ್ತದೆ; ಪುಟದಲ್ಲಿ ಕನ್ನಡವನ್ನು ಉಳಿಸಿಕೊಳ್ಳಲು ಅವನಿಗೆ ಬೇರೆ ಕಾರಣ ಬೇಕಾಗುವುದಿಲ್ಲ.

ಅಭ್ಯಾಸ

1. ಪ್ರಾರ್ಥನೆ, ಸಂಸ್ಕೃತಿ, ಅಂಗಡಿ ಎಂಬ ಪದಗಳನ್ನು ಯೂನಿಕೋಡ್ ಸಂಕೇತಗಳಾಗಿ ಬಿಡಿಸಿ, ಪ್ರತಿಯೊಂದರ ಭಾರವನ್ನು ಬೈಟುಗಳಲ್ಲಿ ಲೆಕ್ಕ ಹಾಕಿರಿ.

2. ನಿಮ್ಮ ಊರಿನ ವ್ಯಾಪಾರದ ಜಾಲತಾಣವೊಂದನ್ನು ಏಳನೆಯ ಭಾಗದಲ್ಲಿ ಹೇಳಿದ ಕ್ರಮದಲ್ಲಿ ಪರೀಕ್ಷಿಸಿ, ಕಂಡ ದೋಷಗಳನ್ನು ವೇಗ, ಸುಗಮ್ಯತೆ, ಪರಿಣಾಮ ಎಂದು ವಿಂಗಡಿಸಿರಿ.

3. ಕಾಸರಗೋಡು ಸೀರೆ ಅಥವಾ ಸೊಲ್ಲಾಪುರದ ಚಾದರದ ಒಂದು ಚಿತ್ರಕ್ಕೆ, ಅದನ್ನು ಕಾಣಲಾಗದ ಗ್ರಾಹಕನಿಗೆ ಉಪಯೋಗವಾಗುವಂತೆ, 15 ಪದಗಳನ್ನು ಮೀರದ ಪರ್ಯಾಯ ಪಠ್ಯವನ್ನು ಬರೆಯಿರಿ.

4. ನಿಮ್ಮ ಪ್ರದೇಶದಲ್ಲಿ ಒಂದೇ ಸರಕಿಗೆ ಬಳಕೆಯಲ್ಲಿರುವ ಕನ್ನಡ ಹಾಗೂ ನೆರೆಭಾಷೆಯ ಹೆಸರುಗಳನ್ನು ಸಂಗ್ರಹಿಸಿ, ಅವುಗಳ ನಡುವಣ ಧ್ವನಿವ್ಯತ್ಯಾಸವನ್ನು ವಿವರಿಸಿರಿ.

5. ರಾಜ್ಯದ ಗಡಿಯನ್ನು ಆಧರಿಸಿ ಜಾಲತಾಣದ ಭಾಷೆಯನ್ನು ನಿರ್ಧರಿಸುವುದು ಏಕೆ ಸಮಂಜಸವಲ್ಲ? ಉದಾಹರಣೆಗಳೊಡನೆ ಚರ್ಚಿಸಿರಿ.